ಚಳಿಗಾಲದಲ್ಲಿ ಮನೆಯ ನಾಯಿ-ಬೆಕ್ಕು, ಬೀದಿಯ ಮರಿಗಳನ್ನು ಕಾಪಾಡೋದು ಹೇಗೆ? ನೆರವು ಕೊಡೋದಾದರೆ ಯಾರಿಗೆ?

ನೀವು ಕೇಳಿರೋದು ಮೂರು ವಿಷಯ. ಬೆಂಗಳೂರಿನ ನಿಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಬೀದಿ ನಾಯಿ ಮರಿ ಹಾಕಿದೆ, ಮರಿಗಳಿಗೆ ಸ್ವೆಟರ್ ಹಾಕಬಹುದಾ? ಮನೆಯಲ್ಲಿರುವ ವಯಸ್ಸಾದ ನಾಯಿಗೂ ಬೆಕ್ಕಿಗೂ ಈ ಚಳಿಯಲ್ಲಿ ಏನು ಮಾಡಬೇಕು? ಪ್ರಾಣಿಗಳಿಗಾಗಿ ದುಡಿಯುವವರಿಗೆ ಏನಾದರೂ ಕೊಡಬೇಕು ಅಂದರೆ ಯಾರಿಗೆ, ಏನು? ಮರಿಗಳದ್ದು ಅರ್ಜೆಂಟು, ಮೊದಲು ಅದನ್ನೇ ಹೇಳುತ್ತೇನೆ.

ಸ್ವೆಟರ್ ಬೇಡ. ಮರಿ ಉಚ್ಚೆ ಮಾಡಿಕೊಂಡರೆ ಅದು ನೆನೆದು ಮೈಗೆ ಅಂಟಿಕೊಳ್ಳುತ್ತದೆ, ತಾಯಿ ನೆಕ್ಕಿ ಒಣಗಿಸೋಕೆ ಆಗೋದಿಲ್ಲ, ಕಾಲು ಸಿಕ್ಕಿಹಾಕಿಕೊಂಡರೆ ಬಿಡಿಸೋರು ಯಾರೂ ಇರೋದಿಲ್ಲ. ಬೆಂಗಳೂರಿನ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ, 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದೇ ಇಲ್ಲಿನ ದಾಖಲೆ. ಗಟ್ಟಿಯಾಗಿರುವ ದೊಡ್ಡ ನಾಯಿ ಈ ಚಳಿಯನ್ನು ತಡೆದುಕೊಳ್ಳುತ್ತದೆ. ಹಸುಗೂಸು ಮರಿಗೆ ಆಗೋದಿಲ್ಲ. ಹುಟ್ಟಿದ ಮೊದಲ ಎರಡು ವಾರ ಅದಕ್ಕೆ ತನ್ನ ಮೈ ತಾನೇ ಬೆಚ್ಚಗೆ ಇಟ್ಟುಕೊಳ್ಳೋಕೆ ಬರೋದಿಲ್ಲ, ಸರಿಯಾಗಿ ನಡುಗೋಕೂ ಬರೋದಿಲ್ಲ. ನಮ್ಮ ಕಡೆ ಬೀದಿ ನಾಯಿಗಳು ಹೆಚ್ಚಾಗಿ ಕೂಡೋದು ಮಳೆಗಾಲದ ಕೊನೆಯಲ್ಲಿ, ಗಬ್ಬ ಸುಮಾರು ಎರಡು ತಿಂಗಳು, ಲೆಕ್ಕ ಹಾಕಿದರೆ ಮರಿಗಳು ಕಣ್ಣು ಬಿಡೋ ಹೊತ್ತಿಗೆ ಸರಿಯಾಗಿ ನವೆಂಬರ್, ಡಿಸೆಂಬರ್ ಬಂದಿರುತ್ತದೆ, ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್ ಎದ್ದು ಇಲ್ಲಿ ಎರಡು ಮೂರು ದಿನ ಜಡಿಮಳೆ ಹಿಡಿಯುವ ಕಾಲವೂ ಅದೇ. ಬರೀ ಚಳಿ ಆದರೆ ತಾಯಿಯ ಮೈಶಾಖ ಸಾಕು. ಒದ್ದೆಯೂ ಸೇರಿದರೆ ಮರಿಗಳು ಒಂದೊಂದಾಗಿ ಹೋಗುತ್ತವೆ.

ಹಾಗಾಗಿ ಮಾಡಬೇಕಾದ ಕೆಲಸ ಒಂದೇ, ಒಣ ಜಾಗ. ಅಂಗಡಿಯಿಂದ ಒಂದು ದೊಡ್ಡ ರಟ್ಟಿನ ಡಬ್ಬ ತನ್ನಿ. ಕೆಳಗೆ ನಾಲ್ಕು ಇಟ್ಟಿಗೆ ಇಟ್ಟು ನೆಲದಿಂದ ಎತ್ತರ ಮಾಡಿ, ಮೇಲೆ ಟಾರ್ಪಾಲಿನ್ ಅಥವಾ ಹಳೇ ಫ್ಲೆಕ್ಸ್ ಹೊದಿಸಿ. ಚಳಿಗಾಲದಲ್ಲಿ ಗಾಳಿ ಬೀಸೋದು ಹೆಚ್ಚಾಗಿ ಮೂಡಣದಿಂದ, ಆದ್ದರಿಂದ ಬಾಯಿ ಪಡುವಣಕ್ಕೋ ಗೋಡೆ ಕಡೆಗೋ ಇರಲಿ. ಒಳಗೆ ಗೋಣಿಚೀಲ ಹಾಕಿ ಅದರ ಮೇಲೆ ಒಣಹುಲ್ಲು ದಪ್ಪಗೆ ಹರಡಿ. ಕಂಬಳಿ ಯಾಕೆ ಬೇಡ ಅಂದರೆ ಅದು ನೀರು ಕುಡಿದು ಬೆಳಗಿನವರೆಗೆ ಒದ್ದೆಯಾಗೇ ಇರುತ್ತದೆ, ಹುಲ್ಲಿನಲ್ಲಿ ನೀರು ಕೆಳಗಿಳಿದು ಮೇಲಿನ ಪದರ ಒಣಗಿರುತ್ತದೆ, ನಡುವೆ ಗಾಳಿ ನಿಂತು ಶಾಖವೂ ಉಳಿಯುತ್ತದೆ. ಹುಲ್ಲು ಸಿಗಲಿಲ್ಲವಾ, ನ್ಯೂಸ್‌ಪೇಪರ್ ಹರಿದು ಹಾಕಿ, ದಿನಾ ಬದಲಾಯಿಸಿ. ಡಬ್ಬವನ್ನು ತಾಯಿ ಈಗ ಮಲಗುವ ಜಾಗದ ಪಕ್ಕದಲ್ಲೇ ಇಡಿ, ದೂರ ಇಟ್ಟರೆ ಅವಳು ಬರೋದೇ ಇಲ್ಲ. ಮರಿಗಳನ್ನು ನೀವೇ ಎತ್ತಿ ಒಳಗೆ ಹಾಕೋಕೆ ಹೋಗಬೇಡಿ, ತಾಯಿ ಕಚ್ಚಬಹುದು. ಒಂದು ಹಿಡಿ ಅನ್ನಕ್ಕೆ ಮೊಟ್ಟೆ ಕಲಸಿ ಒಳಗಿಡಿ, ಅವಳೇ ಮರಿಗಳನ್ನು ಕಚ್ಚಿಕೊಂಡು ಬರುತ್ತಾಳೆ.

ಈಗ ಹೇಳೋದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಒಂದು ಮರಿ ಉಳಿದವುಗಳಿಂದ ದೂರ ಬಿದ್ದು ಸದ್ದಿಲ್ಲದೆ ಮಲಗಿದ್ದರೆ ನಿಮ್ಮ ಕಿರುಬೆರಳನ್ನು ಅದರ ಬಾಯೊಳಗೆ ಇಟ್ಟು ನೋಡಿ. ಬಾಯಿ ತಣ್ಣಗಿದ್ದು ಬೆರಳು ಚೀಪದಿದ್ದರೆ ಅದಕ್ಕೆ ಹಾಲು ಕುಡಿಸಬೇಡಿ. ಜನ ಮೊದಲು ಮಾಡೋದೇ ಅದನ್ನು, ಪಾಪ ಹಸಿದಿದೆ ಅಂತ ಬಾಟಲಿ ಹಿಡಿಯುತ್ತಾರೆ. ಮೈ ತಣ್ಣಗಾದ ಮರಿಯ ಕರುಳು ಕೆಲಸ ಮಾಡೋದಿಲ್ಲ, ಕುಡಿಸಿದ ಹಾಲು ಜೀರ್ಣ ಆಗದೆ ಉಬ್ಬರ ಬರುತ್ತದೆ ಅಥವಾ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಶಾಖ. ಒಣ ಬಟ್ಟೆಯಿಂದ ಒರೆಸಿ, ಅಂಗಿಯೊಳಗೆ ಎದೆಗೆ ತಾಗಿಸಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ನಿಧಾನಕ್ಕೆ, ಒಂದೆರಡು ಗಂಟೆಯಲ್ಲಿ ಬಿಸಿಯಾಗಬೇಕು, ಹೇರ್ ಡ್ರೈಯರ್ ಹಿಡಿದು ಐದು ನಿಮಿಷದಲ್ಲಿ ಅಲ್ಲ. ಬೆರಳು ಚೀಪೋಕೆ ಶುರು ಮಾಡಿದ ಮೇಲೆ ತಾಯಿ ಹತ್ತಿರ ಬಿಡಿ. ತಾಯಿ ಇಲ್ಲವೇ ಇಲ್ಲ ಅಂದರೆ ಮರಿಗಳಿಗೆಂದೇ ಬರುವ ಹಾಲಿನ ಪುಡಿ ಪೆಟ್ ಅಂಗಡಿಯಲ್ಲಿ ಸಿಗುತ್ತದೆ. ಹಸುವಿನ ಹಾಲು ಕೊಟ್ಟರೆ ಭೇದಿಯಾಗಿ ಇನ್ನಷ್ಟು ಸೊರಗುತ್ತವೆ. ಕುಡಿಸುವಾಗ ಮರಿ ಬೋರಲಾಗಿರಲಿ, ಮಕ್ಕಳಂತೆ ಅಂಗಾತ ಮಲಗಿಸಬೇಡಿ.

ನಿಮ್ಮ ರಸ್ತೆಯಲ್ಲಿ ಸೆಕ್ಯುರಿಟಿಯವರು ರಾತ್ರಿ ಬೆಂಕಿ ಹಾಕಿ ಚಳಿ ಕಾಯಿಸಿಕೊಳ್ಳುತ್ತಾರಾ? ಅವರು ಎದ್ದು ಹೋದ ಮೇಲೆ ನಾಯಿಗಳು ಆ ಬೂದಿಯಲ್ಲಿ ಹೋಗಿ ಮಲಗುತ್ತವೆ. ಮೇಲೆ ಬೂದಿ ಬೆಚ್ಚಗೆ, ಕೆಳಗೆ ಕೆಂಡ. ಅಂಗಾಲು, ಹೊಟ್ಟೆ ಸುಟ್ಟುಕೊಳ್ಳುತ್ತವೆ. ಹೋಗುವಾಗ ಒಂದು ಬಕೆಟ್ ನೀರು ಸುರಿದು ಹೋಗಿ ಅಣ್ಣ ಅಂತ ಒಂದು ಮಾತು ಹೇಳಿಡಿ, ಸಾಮಾನ್ಯವಾಗಿ ಯಾರೂ ಇಲ್ಲ ಅನ್ನೋದಿಲ್ಲ.

ಇನ್ನು ನಿಮ್ಮ ಮನೆಯವು. ವಯಸ್ಸಾದ ನಾಯಿಗೆ ಮುಖ್ಯ ಸಮಸ್ಯೆ ಟೈಲ್ಸ್. ಗ್ರಾನೈಟ್ ನೆಲದ ಮೇಲೆ ರಾತ್ರಿಯಿಡೀ ಮಲಗಿದರೆ ಬೆಳಿಗ್ಗೆ ಹಿಂಗಾಲು ಎತ್ತೋಕೆ ಒದ್ದಾಡುತ್ತದೆ. ದಪ್ಪ ಹಾಸಿಗೆ ಹಾಕಿ, ಜಾರುವ ಕಡೆ ಮ್ಯಾಟ್ ಹಾಕಿ, ವಾಕಿಂಗ್‌ಗೆ ಬಿಸಿಲು ಬಿದ್ದ ಮೇಲೆ ಹೋಗಿ. ಸ್ನಾನ ಮಧ್ಯಾಹ್ನ ಮಾಡಿಸಿ, ಕಿವಿ ಒಳಗೆ, ಬೆರಳ ಸಂದಿ ಚೆನ್ನಾಗಿ ಒರೆಸಿ. ಚಳಿಗಾಲ ಅಂತ ಉಣ್ಣಿ ಔಷಧಿ ಮಾತ್ರ ನಿಲ್ಲಿಸಬೇಡಿ, ಬೆಂಗಳೂರಿನ ಚಳಿಗೆ ಉಣ್ಣಿ ಸಾಯೋದಿಲ್ಲ. ನಾಯಿ ಮಂಡಿ ನೋವಿಗೆ ಮನೆಯ ಮಾತ್ರೆ ಡಬ್ಬಕ್ಕೆ ಕೈ ಹಾಕಲೇಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ, ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಟ್ರಂಕಿನಿಂದ ಸ್ವೆಟರ್ ತೆಗೆಯುವಾಗ ಉದುರುವ ನುಸಿ ಗುಳಿಗೆಯನ್ನೂ ಆಗಲೇ ಆರಿಸಿ ಎಸೆಯಿರಿ, ಅದೂ ವಿಷವೇ. ಕ್ರಿಸ್‌ಮಸ್ ಕೇಕು, ಕೇಸರಿಬಾತು ನಾಯಿಗೆ ಕೊಡಬೇಡಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ಹೊಡೆತ. ಬೆಕ್ಕುಗಳು ಬಿಸಿ ಅಂತ ಕಾರಿನ ಬಾನೆಟ್ ಒಳಗೆ ಸೇರಿಕೊಳ್ಳುತ್ತವೆ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ಜೋರಾಗಿ ತಟ್ಟಿ.

ನೆರವಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಕ್ಯೂಪಾ ಅನ್ನುವ ಪ್ರಾಣಿ ರಕ್ಷಣಾ ಸಂಸ್ಥೆ ಇದೆ. ಕ್ರಿಸ್ಟಲ್ ರೋಜರ್ಸ್ ಅನ್ನುವ ಮಹಿಳೆ, ವಯಸ್ಸು ಎಂಬತ್ತು ದಾಟಿದ ಮೇಲೆ, 1991ರಲ್ಲಿ ಇದನ್ನು ಕಟ್ಟಿದರು, ಅದಕ್ಕೂ ಮುಂಚೆ ದೆಹಲಿ, ಜೈಪುರದಲ್ಲೂ ಇಂಥದ್ದೇ ಕೆಲಸ ಶುರು ಮಾಡಿದ್ದವರು. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಇದೆ, ಹದ್ದು, ಗೂಬೆ, ಹಾವು ಗಾಯಗೊಂಡು ಸಿಕ್ಕರೆ ಅಲ್ಲಿಗೆ. ಮಂಗಳೂರಿನವರು ಓದುತ್ತಿದ್ದರೆ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಇದೆ. ಹಳ್ಳಿ ಕಡೆ ದನ-ಕರು ಹುಷಾರಿಲ್ಲದಿದ್ದರೆ 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಪಶು ಸಂಜೀವಿನಿ ವ್ಯಾನ್ ಬರುತ್ತದೆ. ದುಡ್ಡು ಕೊಟ್ಟರೆ ಆದಾಯ ತೆರಿಗೆ ವಿನಾಯಿತಿಗೆ ಬೇಕಾಗುವ ರಸೀದಿ ಕೇಳಿ ಪಡೆಯಿರಿ. ಸಾಮಾನು ಕೊಡೋದಾದರೆ ಫೋನ್ ಮಾಡಿ ಕೇಳಿ. ಶೆಲ್ಟರ್‌ಗಳಿಗೆ ಬೇಕಾಗೋದು ಹಳೇ ಬೆಡ್‌ಶೀಟ್, ಗೋಣಿಚೀಲ, ನ್ಯೂಸ್‌ಪೇಪರ್. ಹತ್ತಿ ತುಂಬಿದ ದಿಂಬು, ಫೋಮ್ ಹಾಸಿಗೆ ಬೇಡ, ನಾಯಿಗಳು ಹರಿದು ನುಂಗುತ್ತವೆ.

ಆದರೆ ಆ ಮರಿಗಳನ್ನು ಎತ್ತಿಕೊಂಡು ಹೋಗಿ ಶೆಲ್ಟರ್‌ಗೆ ಬಿಡಬೇಡಿ. ನೂರಾರು ನಾಯಿ ಬಂದು ಹೋಗುವ ಜಾಗದಲ್ಲಿ ಪಾರ್ವೊ ಅನ್ನುವ ವೈರಸ್ ರೋಗ ತಗಲೋಕೆ ಹೊತ್ತು ಬೇಕಿಲ್ಲ, ಲಸಿಕೆ ಆಗದ ಮರಿ ರಕ್ತಭೇದಿಯಾಗಿ ಎರಡು ಮೂರು ದಿನದಲ್ಲೇ ಸಾಯಬಹುದು. ತಾಯಿ ಚೆನ್ನಾಗಿದ್ದಾಳೆ ಅಂದರೆ ಅವಳ ಹತ್ತಿರವೇ ಇರಲಿ. ನನ್ನನ್ನು ಕೇಳಿದರೆ ನೀವು ಕೊಡಬಹುದಾದ ದೊಡ್ಡ ನೆರವು ನಿಮ್ಮ ರಸ್ತೆಯಲ್ಲೇ ಇದೆ. ತಾಯಿಗೆ ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಹಾಕಿ, ನಿಮ್ಮ ದನಿಗೆ ಅವಳು ಪಳಗಲಿ. ಗೇಟಿನ ಮುಂದೆ, ಮಕ್ಕಳು ಆಡುವ ಕಡೆ ಹಾಕಬೇಡಿ, ಎಬಿಸಿ, ಅಂದರೆ ಪ್ರಾಣಿಗಳ ಸಂತಾನ ನಿಯಂತ್ರಣದ 2023ರ ನಿಯಮವೂ ಅದನ್ನೇ ಹೇಳುತ್ತದೆ, ಊಟ ಆದ ಮೇಲೆ ಜಾಗ ಗುಡಿಸಿಬಿಟ್ಟರೆ ಪಕ್ಕದ ಮನೆಯವರ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮರಿಗಳಿಗೆ ಆರರಿಂದ ಎಂಟು ವಾರ ಆದಾಗ ಮೊದಲ ಪಾರ್ವೊ-ಡಿಸ್ಟೆಂಪರ್ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ನಾಲ್ಕು ತಿಂಗಳಾಗುವವರೆಗೆ, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ತಾಯಿಯ ಕಿವಿ ನೋಡಿ. ತುದಿಯಲ್ಲಿ ಚೂರು ಕತ್ತರಿಸಿದ ಗುರುತು ಇಲ್ಲ ಅಂದರೆ ಸಂತಾನಹರಣ ಆಪರೇಷನ್ ಆಗಿಲ್ಲ, ಮರಿ ಹಾಕಿದೆ ಅಂದ ಮೇಲೆ ಆಗಿರೋದಿಲ್ಲ ಬಿಡಿ. ಮರಿಗಳು ಹಾಲು ಬಿಡೋಕೆ ಸುಮಾರು ಎರಡು ತಿಂಗಳು. ಆಮೇಲೆ ಪಾಲಿಕೆಯ ಪಶುಪಾಲನಾ ವಿಭಾಗಕ್ಕೋ, ಎಬಿಸಿ ಮಾಡುವ ಸಂಸ್ಥೆಗೋ ಫೋನ್ ಮಾಡಿ ದಿನ ಗೊತ್ತು ಮಾಡಿ. ಹಿಡಿಯೋರು ಬಂದಾಗ ನೀವು ಅಲ್ಲೇ ಇರಿ, ನಿಮ್ಮ ಕೈ ಊಟಕ್ಕೆ ಪಳಗಿದವಳು ಬಲೆ ಇಲ್ಲದೆಯೇ ಸಿಗಬಹುದು. ಯಾವ ಗಾಡಿ, ಎಲ್ಲಿಗೆ ಒಯ್ಯುತ್ತಾರೆ, ಯಾವತ್ತು ವಾಪಸ್ ತರುತ್ತಾರೆ ಅಂತ ಬರೆದಿಟ್ಟುಕೊಳ್ಳಿ, ಫೋಟೋ ತೆಗೆದಿಡಿ, ತಂದು ಬಿಡುವಾಗ ಇದೇ ಸೈಟಿನ ಹತ್ತಿರ ಬಿಟ್ಟರಾ ಅಂತ ನೋಡಿ. ಮುಂದಿನ ಮಳೆಗಾಲದೊಳಗೆ ಇದು ಮುಗಿಯಬೇಕು.