ರೆಪೋ ದರ ಇಳಿದರೆ ಬಡವರಿಗೂ ಲಾಭ ಇದೆಯಾ?

ರಿಸರ್ವ್ ಬ್ಯಾಂಕ್ ರೆಪೋ ದರ, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಇಳಿಸಿದರೆ ಬಡವರಿಗೂ ಲಾಭವಾ, ಇಲ್ಲ ಇದ್ದವರಿಗೆ ಮಾತ್ರವಾ ಎಂದು ಕೇಳಿದ್ದೀರಿ. ನಾನು ಮುಂಬೈಯಲ್ಲಿ ಹೋಟೆಲ್, ಅಂಗಡಿಗಳ ಲೆಕ್ಕ ಬರೆಯುವವನು. ಜಾಸ್ತಿ ಜನ ಉಡುಪಿ, ಕುಂದಾಪುರ ಕಡೆಯವರು. ಇಲ್ಲಿ ನಾನು ಕಂಡ ಮಟ್ಟಿಗೆ, ಲಾಭ ಮೊದಲು ಮುಟ್ಟುವುದು ಮನೆ ಸಾಲ ಇದ್ದವರಿಗೆ.

2025ರ ಫೆಬ್ರವರಿಯಿಂದ ಜೂನ್‌ವರೆಗೆ ರೆಪೋ ದರ ಶೇ. 6.50ರಿಂದ 5.50ಕ್ಕೆ ಇಳಿಯಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಮನೆ ಸಾಲಗಳನ್ನು ಹೆಚ್ಚಾಗಿ ರೆಪೋಗೇ ಜೋಡಿಸಿವೆ. ಡೊಂಬಿವಿಲಿಯಲ್ಲಿ ಫ್ಲ್ಯಾಟ್ ಕೊಂಡ ಹೋಟೆಲ್ ಮಾಲೀಕರೊಬ್ಬರಿಗೆ 20 ವರ್ಷದ 25 ಲಕ್ಷ ಸಾಲ ಇದೆ ಅನ್ನಿ. ಬಡ್ಡಿ ಎಂಟೂವರೆಯಿಂದ ಏಳೂವರೆಗೆ ಬಂದರೆ ತಿಂಗಳಿಗೆ ಸುಮಾರು 1,550 ರೂಪಾಯಿ ಉಳಿಯುತ್ತದೆ. ಅದೇ ಹೋಟೆಲಿನಲ್ಲಿ ದೋಸೆ ಹುಯ್ಯುವ ಹುಡುಗ ಫೈನಾನ್ಸ್ ಕಂಪನಿಯಿಂದ ಬೈಕ್ ಸಾಲ ತೆಗೆದಿರುತ್ತಾನೆ. ಬಡ್ಡಿ ಫಿಕ್ಸ್. ಅವನ ಕಂತು ಒಂದು ರೂಪಾಯಿಯೂ ಇಳಿಯುವುದಿಲ್ಲ. ಊರಲ್ಲಿ ಅಮ್ಮನ ಹೆಸರಲ್ಲಿಟ್ಟ ಎಫ್‌ಡಿ ರಿನ್ಯೂ ಮಾಡುವಾಗ ಮಾತ್ರ ಬಡ್ಡಿ ಕಡಿಮೆ ಸಿಗುತ್ತದೆ!

ಹಾಗಾಗಿ ಅಂಥವರಿಗೆ ರೆಪೋಗಿಂತ ಸಾಲ ಕೊಡುವ ನಿಯಮಗಳೇ ಮುಖ್ಯ ಎನ್ನುತ್ತೇನೆ. ಒಂದು ವರ್ಷಕ್ಕೆ 50,000 ಸಾಲ, ಶೇ. 12 ಫ್ಲ್ಯಾಟ್ ಬಡ್ಡಿ ಎನ್ನುತ್ತಾರೆ. ಬಡ್ಡಿ 6,000, ಕಂತು 4,667. ಕೇಳೋಕೆ ಅಗ್ಗ. ಆದರೆ ಅಸಲು ತಿಂಗಳು ತಿಂಗಳು ತೀರುತ್ತಿದ್ದರೂ ಬಡ್ಡಿ ಪೂರ್ತಿ 50,000ದ ಮೇಲೇ ಕಟ್ಟಬೇಕು. ಬಾಕಿ ಅಸಲಿನ ಮೇಲೆ ಲೆಕ್ಕ ಹಾಕಿದರೆ ಶೇ. 21 ದಾಟುತ್ತದೆ. ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಸೇರಿದರೆ ಇನ್ನೂ ಮೇಲೆ.

ಇದನ್ನು ಬಯಲಿಗೆ ತರಲು ಒಂದು ನಿಯಮ ಇದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ ಬ್ಯಾಂಕಾಗಲಿ, ಫೈನಾನ್ಸ್ ಕಂಪನಿಯಾಗಲಿ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರಗಳ ಪತ್ರ, ಕೊಡಲೇಬೇಕು. ಎಲ್ಲಾ ಖರ್ಚು ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು, ವಿವರಿಸಿಯೂ ಹೇಳಬೇಕು. ಮುಂಬೈಯಲ್ಲಿದ್ದೀವಿ ಅಂತ ಮರಾಠಿ, ಇಂಗ್ಲಿಷ್ ಕಾಗದಕ್ಕೆ ಸುಮ್ನೆ ಸಹಿ ಹಾಕಬೇಕಿಲ್ಲ. ಕನ್ನಡದಲ್ಲಿ ಕೊಡಿ ಎಂದು ಕೇಳಿ.

ನಿಯಮ ಬಿಗಿಯಾದರೆ ಬಡವರಿಗೆ ಸಾಲವೇ ಸಿಗುವುದಿಲ್ಲ ಎಂಬ ವಾದ ಇದೆ. ಬಡ್ಡಿಗೆ ಮಿತಿ ಹಾಕುವ ವಿಷಯದಲ್ಲಿ ಅದು ಸ್ವಲ್ಪ ನಿಜ, ಮೀಟರ್ ಬಡ್ಡಿಯವರ ಹತ್ತಿರ ಹೋಗುತ್ತಾರೆ. ದರ ಎಷ್ಟೆಂದು ಬರೆದುಕೊಡುವುದಕ್ಕೆ ಏನು ಅಡ್ಡಿ? ಕೊಡದಿದ್ದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೆ ಶುಲ್ಕ ಇಲ್ಲ.