ಡೀಲರ್ ವರ್ಕ್‌ಶಾಪಿನವರು ನಾಲ್ಕೂ ಚಕ್ರಕ್ಕೆ ಹೊಸ ಬ್ರೇಕ್ ಡಿಸ್ಕ್ ಬೇಕು ಅಂತಿದ್ದಾರೆ, ನಂಬಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಹೀಗಿದೆ. ಐದು ವರ್ಷದ ಜರ್ಮನ್ ಕಾರು, ವಾರಂಟಿ ಮುಗಿದಿದೆ, 42,000 ಕಿ.ಮೀ. ಓಡಿದೆ. ಬೆಳಿಗ್ಗೆ ಹೊರಡುವಾಗ ಕಿರ್ ಅಂತ ಶಬ್ದ, ಹೋದ ವಾರ ಬ್ರೇಕ್ ಪ್ಯಾಡಿನ ದೀಪ ಹತ್ತಿತು. ಡೀಲರ್ ವರ್ಕ್‌ಶಾಪಿಗೆ ಬಿಟ್ಟರೆ ನಾಲ್ಕೂ ಚಕ್ರಕ್ಕೆ ಡಿಸ್ಕ್, ಪ್ಯಾಡ್ ಎರಡೂ ಹಾಕಬೇಕು ಅಂತ 1,86,000 ರೂಪಾಯಿ ಎಸ್ಟಿಮೇಟ್ ಕಳಿಸಿದ್ದಾರೆ. ಯಾಕೆ ಅಂತ ಕೇಳಿದರೆ ‘ಸೇಫ್ಟಿ ವಿಷಯ ಸರ್’ ಅನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ. ಇದು ಮೋಸವಾ?

ನಾನು ಬೆಂಗಳೂರಲ್ಲೇ, ಇಂಥದ್ದೇ ಒಂದು ವರ್ಕ್‌ಶಾಪಿನಲ್ಲಿ ಮೊದಲು ಟೆಕ್ನಿಷಿಯನ್ ಆಗಿ, ಆಮೇಲೆ ಗಿರಾಕಿಗಳ ಮಾತು ಕೇಳಿ ಕೆಲಸ ಬರೆದುಕೊಳ್ಳುವ ಸರ್ವೀಸ್ ಅಡ್ವೈಸರ್ ಆಗಿ ಒಟ್ಟು ಹನ್ನೊಂದು ವರ್ಷ ದುಡಿದವನು. ಎಸ್ಟಿಮೇಟಿನ ಮೊತ್ತ ನೋಡಿ ಮೋಸ ಹೌದೋ ಅಲ್ಲವೋ ಅಂತ ನಾನೂ ಹೇಳಲಾರೆ. ನೀವು ಹಾಕಿರುವ ವಿವರದಲ್ಲಿ ಒಂದೇ ಒಂದು ಮಿಲಿಮೀಟರ್ ಲೆಕ್ಕವೂ ಇಲ್ಲ. ನನ್ನ ತಕರಾರು ಅಲ್ಲೇ. ಬ್ರೇಕ್ ಸವೆದಿದೆಯೋ ಇಲ್ಲವೋ ಅನ್ನುವುದು ಅಳೆದು ಹೇಳುವ ವಿಷಯ. ಅಳೆಯದೆ ಕಳಿಸಿದ ಎಸ್ಟಿಮೇಟಿಗೆ ‘ಆಯ್ತು’ ಅನ್ನಬೇಡಿ.

ಚಕ್ರದ ಜೊತೆ ತಿರುಗುವ ತಟ್ಟೆ ಡಿಸ್ಕ್, ಬ್ರೇಕ್ ಒತ್ತಿದಾಗ ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದು ಪ್ಯಾಡ್. ಮೊದಲು ಆ ದೀಪ. ಪ್ಯಾಡಿನೊಳಗೆ ಒಂದು ಸಣ್ಣ ತಂತಿ ಕೂರಿಸಿರುತ್ತಾರೆ. ಪ್ಯಾಡ್ ಸವೆದು ಮೂರ್ನಾಲ್ಕು ಮಿ.ಮೀ.ಗೆ ಬಂದಾಗ ತಿರುಗುವ ಡಿಸ್ಕ್ ಆ ತಂತಿಯನ್ನೇ ಉಜ್ಜಿ ತುಂಡು ಮಾಡುತ್ತದೆ, ದೀಪ ಹತ್ತುತ್ತದೆ. ಎಷ್ಟೋ ಕಾರುಗಳಲ್ಲಿ ಮುಂದೆ ಒಂದು ಚಕ್ರಕ್ಕೆ, ಹಿಂದೆ ಒಂದು ಚಕ್ರಕ್ಕೆ ಮಾತ್ರ ಈ ಸೆನ್ಸರ್ ಇರುತ್ತದೆ. ಅಂದರೆ ಮುಂದಿನ ಜೋಡಿಯೋ ಹಿಂದಿನ ಜೋಡಿಯೋ, ಯಾವುದಾದರೂ ಒಂದು ಕಡೆ ಪ್ಯಾಡ್ ಮುಗಿಯುತ್ತಾ ಬಂದಿದೆ ಅನ್ನುವಷ್ಟನ್ನು ಆ ದೀಪ ಹೇಳಿದೆ. ಇನ್ನೊಂದು ಜೋಡಿಯ ಸುದ್ದಿ ಅದರಲ್ಲಿಲ್ಲ, ಡಿಸ್ಕಿನ ಸುದ್ದಿಯಂತೂ ಇಲ್ಲವೇ ಇಲ್ಲ. ಹಾಗಂತ ದೀಪವನ್ನು ಅಲಕ್ಷ್ಯ ಮಾಡಬೇಡಿ. ಪ್ಯಾಡ್ ಪೂರ್ತಿ ಮುಗಿದು ಅದರ ಹಿಂದಿನ ಕಬ್ಬಿಣದ ತಗಡು ಡಿಸ್ಕಿಗೆ ತಾಗಿದರೆ ಚೆನ್ನಾಗಿದ್ದ ಡಿಸ್ಕ್ ಕೂಡ ಕೆಲವೇ ದಿನದಲ್ಲಿ ಹಾಳಾಗುತ್ತದೆ. ಈ ವಾರವೇ ತೀರ್ಮಾನ ಮಾಡಿ. ದೀಪ ಕೆಂಪಾಗಿದ್ದು ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತಿದ್ದರೆ ಮಾತ್ರ ಓಡಿಸಲೇಬೇಡಿ, ಟೋ ಮಾಡಿಸಿ.

ಬೆಳಗಿನ ಕಿರ್ ಶಬ್ದ ಬೇರೆ ವಿಷಯ. ಡಿಸ್ಕ್ ಎರಕದ ಕಬ್ಬಿಣ. ಜೂನ್, ಜುಲೈ ಮಳೆಯಲ್ಲಿ ಗಾಡಿ ಒಂದು ರಾತ್ರಿ ನಿಂತರೂ ಅದರ ಮೇಲೆ ತೆಳುವಾಗಿ ತುಕ್ಕು ಕೂರುತ್ತದೆ, ಹತ್ತು ಸಲ ಬ್ರೇಕ್ ಒತ್ತುವಷ್ಟರಲ್ಲಿ ಉಜ್ಜಿ ಹೋಗುತ್ತದೆ. ಆಮೇಲೆ ಶಬ್ದ ನಿಂತುಹೋದರೆ ಆ ಬಗ್ಗೆ ಚಿಂತೆ ಬೇಡ.

ಈಗ ಡಿಸ್ಕಿಗೆ ಬರೋಣ, 1,86,000ದಲ್ಲಿ ದೊಡ್ಡ ಪಾಲು ಅದರದ್ದೇ. ಪ್ರತಿ ಡಿಸ್ಕಿನ ಮೇಲೂ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕಂಪನಿಯವರೇ ಕೆತ್ತಿರುತ್ತಾರೆ. ಹೊಸದಾಗಿ 24 ಮಿ.ಮೀ. ಇರುವ ಡಿಸ್ಕಿಗೆ 22.4 ಕನಿಷ್ಠ ಅಂತ ಇರುವುದುಂಟು. ಒಟ್ಟು ಸವೆಯಲು ಬಿಟ್ಟಿರುವುದು 1.6 ಮಿ.ಮೀ. ಅಷ್ಟೇ. ಜರ್ಮನ್ ಕಾರುಗಳಲ್ಲಿ ಪ್ಯಾಡಿನ ಜೊತೆ ಡಿಸ್ಕೂ ಸವೆಯುತ್ತದೆ, ಎರಡು ಸಲ ಪ್ಯಾಡ್ ಬದಲಿಸುವಷ್ಟರಲ್ಲಿ ಡಿಸ್ಕಿನ ಸರದಿಯೂ ಬಂದಿರುವುದು ಸಾಮಾನ್ಯ. ಆದ್ದರಿಂದ ಡಿಸ್ಕ್ ಬೇಕು ಅಂದ ಮಾತ್ರಕ್ಕೆ ಅವರನ್ನು ಕಳ್ಳರು ಅನ್ನಲಾಗದು. ಆದರೆ ನಿಮ್ಮದು 22.5 ಇದೆಯೋ 23.6 ಇದೆಯೋ ಅಂತ ಅವರು ತೋರಿಸಬೇಕು. 22.5 ಇದ್ದರೆ ಅವರು ಹೇಳಿದ್ದು ಸರಿ, ಹೊಸ ಪ್ಯಾಡ್ ಮುಗಿಯುವ ಮೊದಲೇ ಡಿಸ್ಕ್ ಕನಿಷ್ಠಕ್ಕಿಂತ ಕೆಳಗಿಳಿಯುತ್ತದೆ. 23.6 ಇದ್ದು, ಮೇಲೆ ಬಿರುಕೋ ಆಳದ ಗೀರೋ ಇಲ್ಲದಿದ್ದರೆ ಪ್ಯಾಡ್ ಮಾತ್ರ ಸಾಕು.

ಅಳೆಯುವಾಗ ಎದುರಿಗೇ ನಿಲ್ಲಿ. ಸವೆದ ಡಿಸ್ಕಿನ ಅಂಚಿನಲ್ಲಿ ಪ್ಯಾಡ್ ತಾಗದ ಜಾಗ ಏಣಿನ ಹಾಗೆ ಎದ್ದು ನಿಂತಿರುತ್ತದೆ. ಸಾದಾ ವರ್ನಿಯರ್ ಇಟ್ಟರೆ ಅದರ ದವಡೆ ಆ ಏಣಿನ ಮೇಲೆ ಕೂತು ಇರುವುದಕ್ಕಿಂತ ಜಾಸ್ತಿ ದಪ್ಪ ತೋರಿಸುತ್ತದೆ. ಪ್ಯಾಡ್ ಉಜ್ಜುವ ಜಾಗದಲ್ಲೇ, ಮೈಕ್ರೋಮೀಟರ್‌ನಲ್ಲಿ, ಸುತ್ತಲೂ ನಾಲ್ಕಾರು ಕಡೆ ಅಳೆಯಬೇಕು. ಬ್ರೇಕ್ ಹಿಡಿದಾಗ ಸ್ಟೀರಿಂಗ್ ನಡುಗುತ್ತಿದ್ದರೆ ಈ ನಾಲ್ಕಾರು ಲೆಕ್ಕಗಳ ನಡುವಿನ ವ್ಯತ್ಯಾಸವೇ ಮುಖ್ಯ. ‘ಡಿಸ್ಕ್ ಬೆಂಡ್ ಆಗಿದೆ’ ಅಂತ ಎಲ್ಲರೂ ಅನ್ನುತ್ತಾರೆ, ಆದರೆ ಬಹಳ ಸಲ ಅದು ಬಗ್ಗಿರುವುದಿಲ್ಲ, ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗಿರುತ್ತದೆ. ಚಕ್ರದ ಬೋಲ್ಟನ್ನು, ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಟಾರ್ಕ್ ರೆಂಚ್ ಇಲ್ಲದೆ, ಬೋಲ್ಟ್ ಬಿಗಿಯುವ ಗನ್ನಿನಲ್ಲಿ ಅಡ್ಡಾದಿಡ್ಡಿ ಬಿಗಿದರೂ ಮುಂದೆ ಹೀಗಾಗುವುದಕ್ಕೆ ದಾರಿಯಾಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಚಕ್ರ ಹಾಕಿಸುವಾಗ ನೆನಪಿಟ್ಟುಕೊಳ್ಳಿ.

ಪ್ಯಾಡಿಗೂ ಇದೇ ನಿಯಮ. ಹೊಸದರಲ್ಲಿ ಹತ್ತು ಹನ್ನೆರಡು ಮಿ.ಮೀ. ಇರುತ್ತದೆ, ಮೂರಕ್ಕೆ ಬಂದರೆ ಬದಲಿಸಬೇಕು. ಒಂದೊಂದು ಚಕ್ರದಲ್ಲೂ ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಎರಡರ ಲೆಕ್ಕವನ್ನೂ ಕೇಳಿ. ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ.

ನಾನು ಅಡ್ವೈಸರ್ ಆಗಿ ಎರಡನೇ ವರ್ಷ. ಈ ಊರಲ್ಲಿ ಇಂಥ ಕಾರುಗಳನ್ನು ಸರ್ವೀಸಿಗೆ ತರುವವರು ಹೆಚ್ಚಾಗಿ ಡ್ರೈವರ್‌ಗಳೇ. ಮಾಗಡಿ ಕಡೆಯ ಒಬ್ಬರು, ಐವತ್ತು ದಾಟಿದವರು, ಯಜಮಾನರ ಕಾರು ತಂದು ನಿಲ್ಲಿಸಿ, ‘ಸಾರ್, ಬ್ರೇಕ್ ಒತ್ತಿದ್ರೆ ಗಾಡಿ ಎಡಕ್ಕೆ ಎಳೀತೈತೆ’ ಅಂದರು. ನಾನು ಮಾಡಬೇಕಾದ ಕೆಲಸ ಬರೆಯುವ ಜಾಬ್ ಕಾರ್ಡಿನಲ್ಲಿ ‘ಬ್ರೇಕ್ ಚೆಕ್’ ಅಂತ ಎರಡು ಪದ ಬರೆದೆ. ಮುಂದಿನ ಪ್ಯಾಡ್ ಸವೆದಿತ್ತು, ಯಜಮಾನರಿಗೆ ಫೋನ್ ಮಾಡಿ ಒಪ್ಪಿಗೆ ತಗೊಂಡೆ, ಹೊಸದು ಹಾಕಿಸಿ ಕಳಿಸಿದೆ. ಪ್ಯಾಡ್ ತೆಗೆದ ಹುಡುಗ ಬಲಗಡೆ ಒಳಗಿನ ಪ್ಯಾಡ್ ಎರಡು ಮಿ.ಮೀ., ಹೊರಗಿನದು ಏಳು ಇದ್ದದ್ದನ್ನು ನೋಡಿದ್ದ. ಕಾರ್ಡಿನಲ್ಲಿ ಎಳೆಯುವ ಮಾತೇ ಇರಲಿಲ್ಲವಲ್ಲ, ಅವನು ಯಾರಿಗೂ ಹೇಳಲಿಲ್ಲ. ಮೂರು ವಾರಕ್ಕೆ ಅದೇ ಡ್ರೈವರ್ ಮತ್ತೆ ಬಂದರು. ಒಂದು ಮಳೆಯ ಸಂಜೆ ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಗಟ್ಟಿಯಾಗಿ ಬ್ರೇಕ್ ಒತ್ತಬೇಕಾಗಿ ಬಂದು, ಗಾಡಿ ಎಡಕ್ಕೆ ಸರಿದು ಒಂದು ಸ್ಕೂಟರಿನ ಪಕ್ಕಕ್ಕೆ ಹೋಗಿ ನಿಂತಿತ್ತಂತೆ. ಯಾರಿಗೂ ಏನೂ ಆಗಲಿಲ್ಲ. ಅವರು ನನ್ನ ಮೇಲೆ ಕೂಗಾಡಲಿಲ್ಲ. ‘ನಾನು ಮೊದ್ಲೇ ಹೇಳಿದ್ನಲ್ಲ ಸಾರ್’ ಅಂದರು, ಅಷ್ಟೇ.

ಆವತ್ತು ನಾನೇ ರಿಪೇರಿ ಮಾಡುವ ಜಾಗಕ್ಕೆ ಹೋಗಿ ನಿಂತು ಚಕ್ರ ಬಿಚ್ಚಿಸಿದೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಬಲಗಡೆ ಅದು ಜಾರುವ ಗೈಡ್ ಪಿನ್ ಕೈಯಲ್ಲಿ ಅಲುಗಾಡುತ್ತಿರಲಿಲ್ಲ. ಪಿನ್ನನ್ನು ಮುಚ್ಚುವ ರಬ್ಬರ್ ಬೂಟ್ ಹರಿದು, ಒಳಗೆ ಧೂಳು ನೀರು ಸೇರಿ, ಗ್ರೀಸ್ ಒಣಗಿ ಅಂಟಿಹೋಗಿತ್ತು. ಕ್ಯಾಲಿಪರ್ ಸರಿಯಾಗಿ ಜಾರದಿದ್ದರೆ ಒಳಗಿನ ಪ್ಯಾಡ್ ಮಾತ್ರ ಒತ್ತುತ್ತದೆ, ಬಲಗಡೆ ಹಿಡಿತ ಕಡಿಮೆಯಾಗುತ್ತದೆ, ಎಡಗಡೆ ಪೂರ್ತಿ ಹಿಡಿಯುತ್ತದೆ, ಗಾಡಿ ಎಡಕ್ಕೇ ಎಳೆಯುತ್ತದೆ. ಆ ಡ್ರೈವರ್ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಪಿನ್ ಉಜ್ಜಿ ಸ್ವಚ್ಛ ಮಾಡಿ, ಹೊಸ ಬೂಟ್, ಬ್ರೇಕಿಗೆಂದೇ ಇರುವ ಗ್ರೀಸ್ ಹಾಕಿದೆವು. ಪ್ಯಾಡಿನ ಬೆಲೆಯ ಮುಂದೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಅವತ್ತಿನಿಂದ ಗಾಡಿ ತಂದವರು ಯಾರೇ ಇರಲಿ, ಅವರ ಬಾಯಿಂದ ಬಂದ ಮಾತನ್ನು ಹಾಗೇ ಕಾರ್ಡಿನಲ್ಲಿ ಬರೆದೆ. ನೀವೂ ಅಷ್ಟೇ, ಅಡ್ವೈಸರ್ ಏನು ಬರೆದಿದ್ದಾರೆ ಅಂತ ಓದದೆ ಸಹಿ ಹಾಕಬೇಡಿ. ಎಷ್ಟು ವೇಗದಲ್ಲಿ, ಯಾವ ಕಡೆಯಿಂದ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಎಲ್ಲವೂ ಅದರಲ್ಲಿ ಇರಲಿ. ಡ್ರೈವರ್ ಓಡಿಸುವುದಾದರೆ ಅವರನ್ನೂ ಕರೆದುಕೊಂಡು ಹೋಗಿ.

ನಾಲ್ಕೂ ಚಕ್ರಕ್ಕೆ ಎಲ್ಲವನ್ನೂ ಸೇರಿಸಿ ಯಾಕೆ ಬರೆಯುತ್ತಾರೆ ಅನ್ನುವುದಕ್ಕೆ ಬರೋಣ. ಟಾರ್ಗೆಟ್ ಇದೆ, ಸುಳ್ಳು ಹೇಳುವುದಿಲ್ಲ. ಬಿಲ್ ದೊಡ್ಡದಾದಷ್ಟೂ ಇನ್ಸೆಂಟಿವ್ ಬರುವ ವರ್ಕ್‌ಶಾಪುಗಳಿವೆ. ಆದರೆ ನಾನು ಕಂಡ ಹಾಗೆ ಅದಕ್ಕಿಂತ ದೊಡ್ಡ ಕಾರಣ ಭಯ. ಹಳೇ ಡಿಸ್ಕಿಗೆ ಹೊಸ ಪ್ಯಾಡ್ ಹಾಕಿದರೆ ಕೆಲವು ದಿನ ಶಬ್ದ ಬರಬಹುದು. ಗಿರಾಕಿ ವಾಪಸ್ ಬಂದು ಸಿಟ್ಟಾಗುತ್ತಾರೆ, ಕಂಪನಿಯಿಂದ ಫೀಡ್‌ಬ್ಯಾಕ್ ಫೋನ್ ಬಂದಾಗ ಹತ್ತಕ್ಕೆ ಆರು ಕೊಡುತ್ತಾರೆ, ಅದು ಅಡ್ವೈಸರ್ ತಲೆಗೆ ಬರುತ್ತದೆ. ‘ಸರ್, ಫೋನ್ ಬಂದ್ರೆ ಹತ್ತು ಅಂತ ಹೇಳಿಬಿಡಿ’ ಅಂತ ಕೈಮುಗಿದು ಕೇಳುವುದನ್ನು ನೀವೂ ನೋಡಿರುತ್ತೀರಿ. ಎಲ್ಲಾ ಹೊಸದು ಹಾಕಿದರೆ ದೂರು ಬರುವುದಿಲ್ಲ, ಆದರೆ ಆ ನಿಶ್ಚಿಂತೆಯ ಬೆಲೆ ನಿಮ್ಮ ಜೇಬಿನಿಂದ ಹೋಗುತ್ತದೆ. ಲೌಂಜಿನ ಕಾಫಿ, ಸೋಫಾ ಇವೆಲ್ಲ ನನಗೆ ಸೇವೆ ಅನ್ನಿಸಿದ್ದೇ ಇಲ್ಲ. ಲಿಫ್ಟಿನ ಕೆಳಗೆ ಕರೆದುಕೊಂಡು ಹೋಗಿ, ಟಾರ್ಚ್ ಹಿಡಿದು, ‘ನೋಡಿ ಸರ್, ಇಷ್ಟು ಉಳಿದಿದೆ’ ಅಂತ ತೋರಿಸುವ ಅಡ್ವೈಸರ್ ಸಿಕ್ಕರೆ ಅವರನ್ನು ಬಿಡಬೇಡಿ.

ಎಸ್ಟಿಮೇಟಿನಲ್ಲಿ ಇನ್ನೂ ಕೆಲವನ್ನು ನೋಡಿ. ತುಂಡಾದ ಸೆನ್ಸರ್ ಹೊಸದು ಹಾಕಲೇಬೇಕು, ಅದಕ್ಕೆ ತಕರಾರು ಬೇಡ. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ದ್ರವ, ಅಂದರೆ ಬ್ರೇಕ್ ಫ್ಲೂಯಿಡ್, ಎರಡು ವರ್ಷಕ್ಕೊಮ್ಮೆ ಬದಲಿಸುವಂಥದ್ದು, ಏಕೆಂದರೆ ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಫ್ಲೂಯಿಡ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ, ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಂದಿ ಬೆಟ್ಟದಿಂದ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವವರಿಗೆ ಈ ವ್ಯತ್ಯಾಸ ಪೆಡಲಿನಲ್ಲೇ ಗೊತ್ತಾಗುತ್ತದೆ, ಫ್ಲೂಯಿಡ್ ಕುದಿದರೆ ಪೆಡಲ್ ಮೆತ್ತಗಾಗುತ್ತದೆ. ಹಿಂದೆ ಯಾವಾಗ ಬದಲಿಸಿದ್ದು ಅಂತ ಸರ್ವೀಸ್ ದಾಖಲೆ ನೋಡಿ. ಇನ್ನು ತೆರಿಗೆ: 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಎಸ್ಟಿಮೇಟಿನಲ್ಲಿ ಎಷ್ಟು ಹಾಕಿದ್ದಾರೆ ಅಂತ ಕಣ್ಣಾಡಿಸಿ. ಬಿಚ್ಚಿದ ಹಳೇ ಸಾಮಾನು ವಾಪಸ್ ಬೇಕು ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಆ ಒಂದು ಸಾಲು ಬಹಳ ಕೆಲಸ ಮಾಡುತ್ತದೆ.

ಹೊರಗಡೆ ಮಾಡಿಸಬಹುದಾ? ಖಂಡಿತ. 2014ರಲ್ಲೇ ಭಾರತೀಯ ಸ್ಪರ್ಧಾ ಆಯೋಗ, ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ 2,544.65 ಕೋಟಿ ರೂಪಾಯಿ ದಂಡ ಹಾಕಿತ್ತು. ಪ್ರಕರಣ ಮೇಲ್ಮನವಿಗೆ ಹೋಯಿತು, ಆದರೆ ಈ ಮಾತು ಚರ್ಚೆಗೆ ಬಂದದ್ದೇ ದೊಡ್ಡದು. ಕಾರು ಕಂಪನಿಯವರು ಪ್ಯಾಡ್, ಡಿಸ್ಕನ್ನು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಬ್ರೆಂಬೊ, ಟೆಕ್ಸ್‌ಟಾರ್, ಎಟಿಇ ಥರದ ತಯಾರಕರ ಮಾಲು ಆ ತಯಾರಕರದೇ ಡಬ್ಬಿಯಲ್ಲೂ ಸಿಗುತ್ತದೆ. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಆದರೆ ಪಾರ್ಟ್ ನಂಬರ್ ಕೈಯಲ್ಲಿ ಹಿಡಿದು ಹೋಗಿ, ಜಿಎಸ್‌ಟಿ ಬಿಲ್ ಇಲ್ಲದೆ ತಗೋಬೇಡಿ. ಬ್ರೇಕಿನಲ್ಲಿ ನಕಲಿ ಮಾಲು ಹಾಕಿಸಿಕೊಳ್ಳುವಷ್ಟು ಅಗ್ಗ ಯಾರಿಗೂ ಬೇಡ. ಗ್ಯಾರೇಜಿನವರಿಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಕಾರಿನ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕನ್ನು ಸರ್ವೀಸ್ ಮೋಡಿಗೆ ಹಾಕುವ ಸ್ಕ್ಯಾನರ್ ಇದೆಯಾ? ಅದಿಲ್ಲದೆ, ಪ್ಯಾಡನ್ನು ಒತ್ತುವ ಹಿಂದಿನ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ಒತ್ತಿದರೆ ಆ ಪಾರ್ಕಿಂಗ್ ಬ್ರೇಕಿನ ಮೋಟರ್ ಹಾಳಾಗಬಹುದು, ಉಳಿಸಿದ್ದೆಲ್ಲ ಅಲ್ಲಿ ಹೋಗುತ್ತದೆ.

ಡೀಲರ್ ಅಳತೆ ಕೊಡಲು ಒಪ್ಪದಿದ್ದರೆ ವರ್ಕ್ಸ್ ಮ್ಯಾನೇಜರಿಗೆ ಇಮೇಲ್ ಮಾಡಿ, ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೂ ಪ್ರತಿ ಹಾಕಿ. ಬಾಯಿಮಾತು ಬೇಡ. ಆ ಇಮೇಲಿಗೆ ಉತ್ತರ ಬರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಬೇಡದ ಕೆಲಸ ಮಾಡಿ ಹಣ ಕಿತ್ತಿದ್ದಾರೆ ಅಂತ ಆಮೇಲೆ ಗೊತ್ತಾದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಮೊತ್ತ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ನಿಮ್ಮ ಜಾಬ್ ಕಾರ್ಡ್, ಬಿಲ್, ಮತ್ತು ವಾಪಸ್ ತಂದ ಆ ಹಳೇ ಡಿಸ್ಕ್.

ನಿಮ್ಮ ವಿಷಯಕ್ಕೆ ನನ್ನ ಅಂದಾಜು ಇಷ್ಟು: ಒಂದು ಜೋಡಿ ಪ್ಯಾಡ್, ಸೆನ್ಸರ್ ಖಂಡಿತ ಬೇಕು. ಹಿಂದಿನದೇ ಆಗಿರಬಹುದು. ಈಗಿನ ಕಾರುಗಳಲ್ಲಿ ಗಾಡಿ ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆಗಳು ಚಾಲಕನಿಗೆ ಗೊತ್ತಾಗದ ಹಾಗೆ ಹಿಂದಿನ ಬ್ರೇಕನ್ನು ಹಿಡಿಯುತ್ತಿರುತ್ತವೆ, ಎಷ್ಟೋ ಗಾಡಿಗಳಲ್ಲಿ ಹಿಂದಿನ ಪ್ಯಾಡೇ ಮೊದಲು ಮುಗಿಯುತ್ತದೆ. ಉಳಿದ ಜೋಡಿಗೆ ಇನ್ನೂ ಆಯುಷ್ಯ ಇರಬಹುದು. ನಾಲ್ಕು ಡಿಸ್ಕಿನ ದಪ್ಪ, ಎಂಟು ಪ್ಯಾಡಿನ ದಪ್ಪ, ಡಿಸ್ಕಿನ ಮೇಲೆ ಕೆತ್ತಿದ ಕನಿಷ್ಠ ದಪ್ಪ, ಇಷ್ಟನ್ನು ಬರೆಸಿಕೊಂಡು ಬಂದು ಇಲ್ಲೇ ಹಾಕಿ, ಯಾವುದು ಈಗ ಯಾವುದು ಆಮೇಲೆ ಅಂತ ನೋಡಿ ಹೇಳುತ್ತೇನೆ. ಹೊಸ ಪ್ಯಾಡ್ ಹಾಕಿಸಿದ ಮರುದಿನ ಬೆಳಿಗ್ಗೆ ಬೇಗ ಎದ್ದು ನೈಸ್ ರಸ್ತೆಗೆ ಹೋಗಿ, ಹಿಂದೆ ಯಾರೂ ಇಲ್ಲದಾಗ 60ರಿಂದ 20ಕ್ಕೆ ಹದವಾಗಿ ಹತ್ತು ಹದಿನೈದು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುವೆ ಸ್ವಲ್ಪ ಓಡಿಸಿ ಆರಲು ಬಿಡಿ. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಅಷ್ಟು ಬೇಕು, ಮೊದಲ ಇನ್ನೂರು ಕಿ.ಮೀ. ಮುಂದಿನ ಗಾಡಿಯಿಂದ ಸ್ವಲ್ಪ ಹೆಚ್ಚೇ ದೂರ ಇಟ್ಟುಕೊಳ್ಳಿ.