4,500 ರೂಪಾಯಿ ಕೊಟ್ಟು ಟ್ರೇಡಿಂಗ್ ಪುಸ್ತಕ ಕೊಳ್ಳಬೇಕಾ?

ನಿಮ್ಮ ಹತ್ತಿರ ಟ್ರೇಡಿಂಗ್‌ಗೆ ಅಂತ ಇರೋದು 50,000 ರೂಪಾಯಿ. ಆಪ್ಷನ್ಸ್ (ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಅಥವಾ ಮಾರುವ ಹಕ್ಕಿನ ವ್ಯಾಪಾರ) ಬಗ್ಗೆ ಅಮೆರಿಕದವರು ಬರೆದ ಪುಸ್ತಕದ ಬೆಲೆ 4,500. ಕೊಳ್ಳಲಾ ಅಂತ ಕೇಳಿದ್ದೀರಿ. ಈಗ ಬೇಡ. ಒಂದೂ ಟ್ರೇಡ್ ಮಾಡುವ ಮೊದಲೇ ಬಂಡವಾಳದ ಶೇ 9 ಹೋಯ್ತಲ್ವಾ?

ನಾನು ಕೊಂಡಿದ್ದೆ. 2021ರಲ್ಲಿ, ಹುಬ್ಬಳ್ಳಿಯ ರೂಮಿನಲ್ಲಿ ಕೂತು, ಇಷ್ಟು ದುಡ್ಡು ಇಟ್ಟಿದ್ದಾರೆ ಅಂದ್ರೆ ಒಳಗೆ ಏನೋ ಗುಟ್ಟು ಇರಲೇಬೇಕು ಅಂದುಕೊಂಡು ಎರಡು ಪುಸ್ತಕ ತರಿಸಿದೆ. ಓದಿದ್ದು 60 ಪುಟ. ಮುಂದೆ ಬರೀ ಗಣಿತ. ಆಮೇಲೆ ಗದಗಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟಿರುವ ಗೆಳೆಯ ನಕ್ಕ. ಮುನ್ನೂರು ಪ್ರತಿ ಹಾಕಿದರೂ ಮೂರು ಸಾವಿರ ಹಾಕಿದರೂ ಪುಟ ಕಟ್ಟುವ ಖರ್ಚು, ಪ್ಲೇಟಿನ ಖರ್ಚು ಅಷ್ಟೇ, ಕೊಳ್ಳುವವರು ಕಡಿಮೆ ಇದ್ದರೆ ಒಬ್ಬೊಬ್ಬರ ತಲೆ ಮೇಲೆ ಜಾಸ್ತಿ ಬೀಳುತ್ತೆ ಅಂದ. ನಾನು ಗುಟ್ಟು ಅಂದುಕೊಂಡಿದ್ದು ಇದು!

ಇನ್ನು ಗುಟ್ಟು ಅಂತ ಮಾರುವುದರಲ್ಲಿ ಎಷ್ಟೋ ಈಗ ಪುಕ್ಕಟೆ ಸಿಗುತ್ತದೆ. ಆರ್‌ಎಸ್‌ಐ ಅನ್ನೋ ಅಳತೆ (ಬೆಲೆ ಎಷ್ಟು ಜೋರಾಗಿ ಏರಿತು, ಇಳಿಯಿತು ಅಂತ ತೋರಿಸುವುದು) ಜನರಿಗೆ ಗೊತ್ತಾಗಿದ್ದು 1978ರ ಒಂದು ಪುಸ್ತಕದಿಂದ. ಇವತ್ತು ಯಾವುದೇ ಬ್ರೋಕರ್ ಆ್ಯಪ್‌ನಲ್ಲಿ ಒಂದು ಸಲ ಒತ್ತಿದರೆ ಚಾರ್ಟ್ ಕೆಳಗೆ ಬಂದು ಕೂರುತ್ತದೆ. ನಿಮಗೂ ಕಾಣುತ್ತದೆ, ಎದುರಿಗಿನವನಿಗೂ ಕಾಣುತ್ತದೆ.

ಅಮೆರಿಕದ ಪುಸ್ತಕದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಷೇರಿನ ಆಪ್ಷನ್ ಕೊಂಡವನು ಎಕ್ಸ್‌ಪೈರಿಗೆ (ಆಪ್ಷನ್ ಮುಗಿಯುವ ದಿನಕ್ಕೆ) ಮೊದಲು ಯಾವತ್ತು ಬೇಕಾದರೂ ಎಕ್ಸರ್ಸೈಸ್ ಮಾಡಬಹುದು, ಅಂದ್ರೆ ಆ ಹಕ್ಕು ಚಲಾಯಿಸಬಹುದು. ನಮ್ಮಲ್ಲಿ ಎಕ್ಸ್‌ಪೈರಿ ದಿನ ಮಾತ್ರ. ನಮ್ಮಲ್ಲಿ ಷೇರಿನ ಆಪ್ಷನ್ ಲಾಭದಲ್ಲಿದ್ದು ಕೊನೆ ದಿನ ಹಾಗೇ ಬಿಟ್ಟರೆ ಷೇರನ್ನೇ ಕೊಡುವ, ತೆಗೆದುಕೊಳ್ಳುವ ವ್ಯವಹಾರ ಆಗುತ್ತದೆ, 50 ಸಾವಿರ ಅದಕ್ಕೆ ಎಲ್ಲಿ ಸಾಕು? ತೆರಿಗೆ, ಎಸ್‌ಟಿಟಿ (ಪ್ರತಿ ವ್ಯವಹಾರದ ಮೇಲೆ ಬೀಳುವ ತೆರಿಗೆ), ಲಾಟ್ ಸೈಜ್ (ಒಂದು ಸಲಕ್ಕೆ ಕನಿಷ್ಠ ಎಷ್ಟು ಕೊಳ್ಳಬೇಕು ಅನ್ನೋದು) ಇವೂ ನಮ್ಮವೇ ಬೇರೆ, ಮೇಲಾಗಿ ಬದಲಾಗುತ್ತಲೇ ಇರುತ್ತವೆ. 2024ರ ನವೆಂಬರ್‌ನಿಂದ ಒಂದು ಎಕ್ಸ್‌ಚೇಂಜ್‌ಗೆ ನಿಫ್ಟಿಯಂಥ ಒಂದೇ ಇಂಡೆಕ್ಸಿನ (ಸೂಚ್ಯಂಕದ) ವಾರದ ಎಕ್ಸ್‌ಪೈರಿ. ಅದಕ್ಕಿಂತ ಹಳೆಯದಾದರೆ ನಮ್ಮವರೇ ಬರೆದ ಪುಸ್ತಕದಲ್ಲೂ ಇದು ಇರೋದಿಲ್ಲ.

ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿ ಓದಿ, ದುಡ್ಡು ಕೊಡಬೇಕಿಲ್ಲ. ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್) ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ. ಅವರಲ್ಲಿ ನಾನೂ ಒಬ್ಬ, ಪುಸ್ತಕ ಇಟ್ಟುಕೊಂಡೇ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಸೋದರಮಾವನ ವಹಿ. ಮಾವ ಟೆಂಡರ್ ಹಾಕುವ ಮೊದಲು ಕಾಯಿ ಮುರಿದು ನೋಡ್ತಾರೆ, ಹಸಿ ಎಷ್ಟು, ಬಣ್ಣ ಹೇಗೆ, ಎಲ್ಲ ಬರೆದುಕೊಳ್ತಾರೆ. ವಿಶೇಷ ಅಂದ್ರೆ ಸಿಗದ ಲಾಟನ್ನೂ ಬರೀತಾರೆ. ತಾವು ಎಷ್ಟು ಹಾಕಿದ್ದರು, ಎಷ್ಟಕ್ಕೆ ಹೋಯಿತು, ತಮಗೆ ಯಾಕೆ ಅಷ್ಟು ಅನ್ನಿಸಿತ್ತು. ಅದನ್ನು ನೋಡಿ ನಾನೂ 40 ರೂಪಾಯಿಯ ಒಂದು ನೋಟ್‌ಬುಕ್ ತಂದೆ. ಯಾಕೆ ಕೊಂಡೆ, ಎಲ್ಲಿ ಬಿಡಬೇಕಿತ್ತು, ಎಲ್ಲಿ ಬಿಟ್ಟೆ. ಎರಡು ತಿಂಗಳಿಗೆ ನಾಚಿಕೆ ಆಗುವಂಥ ವಿಷಯ ಗೊತ್ತಾಯಿತು: ನನ್ನ ನಷ್ಟ ಬಹುಪಾಲು ಮಧ್ಯಾಹ್ನದ ಮೇಲಿನದು, ಬೆಳಿಗ್ಗೆ ಕಳೆದದ್ದನ್ನು ಹಿಂದೆ ಪಡೆಯೋಕೆ ಹೋಗಿ ಆದದ್ದು. ಇದನ್ನು ಯಾವ ಪುಸ್ತಕ ಹೇಳುತ್ತೆ?

ಹಾಗಂತ ದುಬಾರಿ ಪುಸ್ತಕವೆಲ್ಲ ಸುಮ್ನೆ ಅನ್ನಲ್ಲ. ಬೇಸಿಕ್ಸ್ ಅನ್ನು ಬ್ರೋಕರ್ ಝೆರೋಧಾದ ವಾರ್ಸಿಟಿ ವೆಬ್‌ಸೈಟಿನಲ್ಲಿ ಪುಕ್ಕಟೆ ಓದಿ ಮುಗಿಸಿ, ವೊಲಾಟಿಲಿಟಿ (ಬೆಲೆಯ ಏರಿಳಿತ) ಯಾಕೆ ಹೀಗೆ ಏರುತ್ತೆ ಅನ್ನೋ ಥರದ ನಿಮ್ಮದೇ ಪ್ರಶ್ನೆ ಕಾಡೋಕೆ ಶುರುವಾದ ಮೇಲೆ, ಪರಿವಿಡಿಯಲ್ಲಿ ಅದಕ್ಕೆ ಉತ್ತರ ಕಂಡರೆ ಕೊಳ್ಳಿ. ಅಷ್ಟರೊಳಗೆ ಆಸೆ ತಡೆಯಲಾಗದಿದ್ದರೆ ಹುಬ್ಬಳ್ಳಿ ಕಡೆ ಬಂದಾಗ ಹೇಳಿ, ನನ್ನ ಎರಡೂ ಒಯ್ಯಿರಿ. 60ನೇ ಪುಟದ ಆಚೆ ಇನ್ನೂ ಹೊಸದು.